ಬೇವು ತೆಗೆಸಿದ ಟೀಕಾ ಬಾಯಿ

ನಮ್ಮವರು ಚಿತ್ತಾಪುರದಿಂದ ಬಂದವರು ಕಾಲು ತೊಳೆಯುವ ಮೊದಲೇ, "ಟೀಕಾ ಬಾಯಿ ಹೋದ್ರಂತ" ಎಂದರು. ನಾನು ಹೆಂಚಿನ ಮೇಲೆ ರೊಟ್ಟಿ ಹಾಕಿದ್ದೆ. ಅದು ಕರಕಲಾಯಿತು. ತೊಂಬತ್ತರ ಹತ್ತಿರದ ಜೀವ, ನರಳದೆ ಹೋದರು, ಪುಣ್ಯವಂತರು ಎಂದು ಜನ ಅನ್ನುವುದನ್ನೆಲ್ಲ ನಾನೂ ಅಂದುಕೊಂಡೆ. ಸಮಾಧಾನವೇನೂ ಆಗಲಿಲ್ಲ. ಸೇಡಂನ ಈ ಮನೆಗೆ ಸೊಸೆಯಾಗಿ ಬಂದ ನಾನು ಇಲ್ಲಿಯೇ ಅತ್ತೆಯಾಗಿ, ಅಜ್ಜಿಯಾಗಿ ಉಳಿದಿದ್ದರೆ ಅದಕ್ಕೆ ಆ ಹೆಂಗಸು ಕಾರಣ. ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಅವರ ಮುಂದೆ ಗುಟ್ಟು ಬಿಚ್ಚಿಟ್ಟ ಹೆಂಗಸರ ಮಕ್ಕಳು ಮೊಮ್ಮಕ್ಕಳು ಈಗಲೂ ಈ ಊರುಗಳಲ್ಲಿದ್ದಾರೆ. ಹೆಸರು ಹೇಳಿದರೆ, ಅವರು ಯಾರ ಮನೆಗೆ ಯಾಕೆ ಬರುತ್ತಿದ್ದರು ಎಂದು ಕೆದಕುವವರು ಹುಟ್ಟಿಕೊಳ್ಳುತ್ತಾರೆ.

ನಿಜಾಮರ ಸರ್ಕಾರ ಇದ್ದಾಗ ಸಿಡುಬಿನ ಚುಚ್ಚು ಹಾಕುವುದಕ್ಕೆ ಟೀಕಾ ಎನ್ನುತ್ತಿದ್ದರು. ಹೊರಗಿನ ಗಂಡಸರಿಗೂ ಹುಡುಗರಿಗೂ ಹಾಕಲು ಗಂಡಸು ಬರುತ್ತಿದ್ದ. ಒಳಮನೆಯ ಹೆಂಗಸರಿಗೆ, ಪರದೆಯ ಮನೆಗಳಿಗೆ ಈ ಬಾಯಿ, ಅಂದರೆ ಟೀಕಾ ಹಾಕುವ ಅಮ್ಮ. ಚಿತ್ತಾಪುರದ ಮುಸಲ್ಮಾನರ ಮನೆಯವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದರು. ಕಲಬುರ್ಗಿಯಲ್ಲಿ ಹೆಂಗಸರ ದವಾಖಾನೆಯೊಂದರಲ್ಲಿ ಡಾಕ್ಟರಮ್ಮನೊಬ್ಬರ ಕೈಕೆಳಗೆ ಹತ್ತು ವರ್ಷ ಇದ್ದು, ಆಮೇಲೆ ಈ ತಿರುಗಾಟದ ಕೆಲಸಕ್ಕೆ ಬಂದವರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಕರಿ ಛತ್ರಿ. ಸೇಡಂ, ವಾಡಿ, ಶಹಾಬಾದಿಗೆ ರೈಲು. ಚಿಂಚೋಳಿ ಕಡೆಗೆ ಚಕ್ಕಡಿ. ಚಕ್ಕಡಿ ಸಿಗದಿದ್ದರೆ ನಡಿಗೆ.

ಅವರಿಗೊಂದು ರೂಢಿ ಇತ್ತು. ಯಾರನ್ನೇ ಮುಟ್ಟುವ ಮೊದಲು ತಮ್ಮ ಎರಡೂ ಕೈ ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ, "ನೋಡ್ರಿ, ಖಾಲಿ ಅವ" ಎನ್ನುತ್ತಿದ್ದರು. ಎಂಬತ್ತರ ಅಜ್ಜಿಯ ಮುಂದೆಯೂ ಹಾಗೆಯೇ, ತೊಟ್ಟಿಲ ಕೂಸಿನ ಮುಂದೆಯೂ ಹಾಗೆಯೇ. ಕೂಸಿಗೆ ಏನು ತಿಳಿಯುತ್ತದೆ ಎಂದು ನಾನು ಒಮ್ಮೆ ನಕ್ಕಿದ್ದೆ. ಕೂಸಿನ ತಾಯಿಗೆ ತಿಳಿಯುತ್ತದಲ್ಲ ಎಂದಿದ್ದರು.

ಆಡಕಿಯಲ್ಲಿ ಒಬ್ಬಾಕೆ ಇವರು ಬಂದರೆಂದು ಕೇಳಿ ತನ್ನ ಮೂರು ಮಕ್ಕಳನ್ನು ನೆಲದಡಿಯ ಜೋಳದ ಹಗೇವಿನೊಳಗೆ ಇಳಿಸಿ ಮೇಲೆ ಹಾಸುಗಲ್ಲು ಎಳೆದಿದ್ದಳಂತೆ. ಬಾಯಿಗೆ ಹೇಗೋ ಗೊತ್ತಾಯಿತು. ಪೆಟ್ಟಿಗೆ ಬಿಸಾಕಿ ಓಡಿಹೋಗಿ ತಾವೇ ಕಲ್ಲು ಸರಿಸಿ, ಮಕ್ಕಳನ್ನು ರಟ್ಟೆ ಹಿಡಿದು ಮೇಲೆತ್ತಿದರು. ಹಗೇವಿನಲ್ಲಿ ಗಾಳಿ ಇರುವುದಿಲ್ಲ. ತಾಯಿಯನ್ನು ಚೆನ್ನಾಗಿ ಬೈದರು. ಆದರೆ ಅವತ್ತು ಆ ಮಕ್ಕಳಿಗೆ ಚುಚ್ಚಲಿಲ್ಲ. ಹೆದರಿದ ಮಕ್ಕಳಿಗೆ ಹಾಕುವುದಿಲ್ಲ ಎಂದು ಎದ್ದು ಹೋದರು. ಮಾರನೆಯ ದಿನ ಆ ತಾಯಿ ತಾನೇ ಮೂರನ್ನೂ ಕರೆದುಕೊಂಡು ಚಾವಡಿಗೆ ಬಂದಳಂತೆ. ಒತ್ತಾಯ ಮಾಡಬೇಕಾದಲ್ಲಿ ಎದ್ದು ಹೋಗುವುದು ಅವರ ರೀತಿ. ಆ ರೀತಿಯ ಮೇಲೆ ನನಗೆ ಒಂದು ಕಾಲಕ್ಕೆ ಎಷ್ಟು ಸಿಟ್ಟಿತ್ತೆಂದರೆ, ಅವರ ಪೆಟ್ಟಿಗೆಯನ್ನು ಕಾಗಿಣಾ ಹೊಳೆಗೆ ಎಸೆದುಬಿಡಬೇಕು ಅನ್ನಿಸುತ್ತಿತ್ತು.

ಮದುವೆಯಾಗಿ ಐದನೆಯ ತಿಂಗಳು. ನನಗೆ ಹದಿನೆಂಟು. ನನ್ನ ತವರು ಚಿಂಚೋಳಿ ತಾಲೂಕಿನ ಐನಾಪುರ. ನಮ್ಮವರು ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ಗುಮಾಸ್ತರು, ಶನಿವಾರ ಬಂದು ಸೋಮವಾರ ಬೆಳಗಿನ ಗಾಡಿಗೆ ಹೋಗುವವರು. ಮನೆಯಲ್ಲಿ ಉಳಿದವರು ನಾನು, ನನ್ನತ್ತೆ. ಒಂದು ಮಂಗಳವಾರ ನನಗೆ ಮೈ ಕಾದು ಜ್ವರ ಬಂತು. ತೊಡೆಸಂದಿನಲ್ಲಿ ಗಡ್ಡೆ ಎದ್ದವು. ಮೂರನೆಯ ದಿನ, ಹೇಳಬಾರದ ಜಾಗದಲ್ಲಿ ಗುಳ್ಳೆಗಳು. ನೀರು ಮಾಡಲು ಕುಳಿತರೆ ಉಪ್ಪು ಕಾರ ಸುರಿದಂತೆ ಉರಿ. ಹೊಟ್ಟೆ ಉಬ್ಬಿದರೂ ಹೆದರಿ ಬಚ್ಚಲಿಗೆ ಹೋಗದೆ ಕುಳಿತಿರುತ್ತಿದ್ದೆ. ಯಾರಿಗೆ ಹೇಳುವುದು? ತೊಡೆಯ ಮೇಲೂ ಎರಡು ಗುಳ್ಳೆ ಎದ್ದಿದ್ದವು. ಅತ್ತೆಗೆ ಕಂಡದ್ದು ಆ ಎರಡು. ಅಷ್ಟೇ ಸಾಕಾಯಿತು. ಸಿಡುಬಿಗೆ ನಮ್ಮಲ್ಲಿ ದೇವಿ ಎನ್ನುತ್ತಾರೆ. ಮನೆಗೆ ದೇವಿ ಬಂದಳು ಎಂದಳು. ಬಾಗಿಲಿಗೆ ಬೇವು ಕಟ್ಟಿದಳು, ಒಗ್ಗರಣೆ ನಿಲ್ಲಿಸಿದಳು, ನನ್ನ ತಲೆದೆಸೆಗೆ ಮೊಸರನ್ನದ ಎಡೆ ಇಟ್ಟು ಕೈ ಮುಗಿದಳು. ಐದು ತಿಂಗಳಲ್ಲಿ ಒಮ್ಮೆಯೂ ನನ್ನನ್ನು ಕುಳಿತುಕೋ ಎನ್ನದ ಅತ್ತೆ ನನಗೆ ಕೈ ಮುಗಿದಳು. ಒಳಗೊಳಗೇ ಬದುಕಿದೆ ಎಂದುಕೊಂಡೆ. ದೇವಿ ಎಂದರೆ ಯಾರೂ ಸೀರೆ ಎತ್ತಿ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ.

ನಾನು ಮರೆತ ಸಂಗತಿ ಒಂದು. ಬೇವು ಕಟ್ಟಿದ ಮನೆಯ ಸುದ್ದಿಯನ್ನು ಪಟೇಲರು ಸರ್ಕಾರಕ್ಕೆ ತಿಳಿಸಬೇಕು, ತಿಳಿಸಿದರೆ ಟೀಕಾ ಬಾಯಿ ಬರಲೇಬೇಕು. ಶುಕ್ರವಾರ ಬೆಳಿಗ್ಗೆ ಕರಿ ಛತ್ರಿ ನಮ್ಮ ಬಾಗಿಲಲ್ಲಿ ಮಡಚಿಕೊಂಡಿತು.

ಅತ್ತೆ ಅವರ ಬೊಗಸೆಗೆ ಮೇಲಿನಿಂದ ಕುಡಿಯುವ ನೀರು ಹಾಕಿದಳು. ನಮ್ಮ ಮನೆಯ ಲೋಟ ಅವರಿಗೆ ಕೊಡುವ ಕಾಲ ಅದಲ್ಲ. ಅವರು ಬೇಸರಿಸಲಿಲ್ಲ. ಒಳಗೆ ಬಂದು, ಅತ್ತೆಯನ್ನು ಪಡಸಾಲೆಗೆ ಕಳಿಸಿ, ಬಾಗಿಲು ಮುಂದಕ್ಕೆಳೆದು, ನನ್ನ ಮುಂದೆ ಕೈ ಚಾಚಿದರು. ಹಿಂದೆ, ಮುಂದೆ. ಖಾಲಿ. ಅವರ ಎಡಗೆನ್ನೆಯ ತುಂಬ ಸಿಡುಬಿನ ಕುಳಿಗಳಿದ್ದವು. ತೊಡೆಯ ಮೇಲಿನ ಎರಡು ಗುಳ್ಳೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಉಳದವು ಎಲ್ಲಿ ಅವ, ಬೇಟಿ?"

ನಾನು ಅತ್ತುಬಿಟ್ಟೆ. ಅವರು ಅವಸರ ಮಾಡಲಿಲ್ಲ. ಅಳು ನಿಂತ ಮೇಲೆ ನೋಡಿದರು. ಸೀರೆ ಸರಿಮಾಡಿ, ಕೈ ಸಾಬೂನಿನಲ್ಲಿ ತೊಳೆದುಕೊಂಡು, ಪಕ್ಕದಲ್ಲಿ ಕುಳಿತರು.

"ಇದು ದೇವಿ ಅಲ್ಲ."

"ಹಂಗನಬ್ಯಾಡ್ರಿ ಬಾಯಿಯವರ. ದೇವಿ ಅಂತನ ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಹಂಗ ಬರದ್ರ ನಾಳಿಗೆ ಈ ಓಣಿ ಮಂದಿಗೆಲ್ಲ ಚುಚ್ಚಬೇಕಾಗ್ತದ. ಮುಂದ ಖರೆನ ದೇವಿ ಬಂದಾಗ ನನ್ನ ಮಾತು ಯಾರ ಕೇಳ್ತಾರ? ನಾ ಸುಳ್ಳ ಬರಿಯಂಗಿಲ್ಲ."

"ಹಂಗಾದ್ರ ಇದು ಗರ್ಮಿ ಏನ್ರಿ?"

ಆ ಪದವನ್ನು ನಾನು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಕೆಟ್ಟ ಗಂಡಸರಿಗೆ, ಸೂಳೆಯರಿಗೆ ಬರುವ ರೋಗ, ಮೂಗು ಕೊಳೆಯುತ್ತದೆ, ವಂಶ ನಿಲ್ಲುತ್ತದೆ ಎಂದು ಐನಾಪುರದಲ್ಲಿ ಹೆಂಗಸರು ಪಿಸುಗುಡುತ್ತಿದ್ದ ಪದ. ಬಾಯಿ ತಲೆ ಅಲ್ಲಾಡಿಸಿದರು. ಅವರಿಗೆ ಗುಳ್ಳೆಗಳೆಂದರೆ ಬಳಗದವರಿದ್ದ ಹಾಗೆ, ಒಂದೊಂದನ್ನೂ ಮುಖ ನೋಡಿ ಗುರುತಿಸುತ್ತಿದ್ದರು.

"ಗುಳ್ಳಿಗೂ ಖಾನ್ದಾನ ಅದ, ಬೇಟಿ. ಗರ್ಮಿ ಗಾಯ ಭಾಳ ಮಾಡಿ ಒಂದ ಇರ್ತದ. ಅಂಚು ಗಟ್ಟಿ ಇರ್ತದ, ಮುಟ್ಟಿದ್ರ ನೋಯಂಗಿಲ್ಲ. ನಿನ್ನವು ಸಣ್ಣವು, ಗುಂಪಾಗಿ ಎದ್ದಾವ, ನೀರು ತುಂಬ್ಯಾವ, ಉರೀಲಿಕತ್ತಾವ. ಜ್ವರ ಬಂದು ಹೋದ ಮ್ಯಾಲ ತುಟಿಗೆ ಗುಳ್ಳಿ ಏಳ್ತಾವಲ್ಲ, ಅದರ ಖಾನ್ದಾನದ್ದು ಇದು. ಜಾಗ ಬ್ಯಾರೆ, ಅಷ್ಟ. ಆದ್ರೂ ನನ್ನ ಕಣ್ಣು ತಪ್ಪಬಹುದು. ಮೈ ಹಗುರಾದ ಮ್ಯಾಲ ಕಲಬುರ್ಗಿಗೆ ಹೋಗಿ ರಗತ ತಪಾಸ ಮಾಡಸ್ರಿ. ಇಬ್ಬರೂ."

"ಇದು ಹೋಗ್ತದೇನ್ರಿ?"

"ಗುಳ್ಳಿ ಹೋಗ್ತಾವ. ಬ್ಯಾನಿ ಹೋಗಂಗಿಲ್ಲ. ಒಳಗ ಮಲಗಿರ್ತದ, ಒಮ್ಮೊಮ್ಮಿ ಏಳ್ತದ. ಮೊದಲನೇ ಸಲದ ಜೋರು ಮತ್ತ ಇರಂಗಿಲ್ಲ. ಇದರಿಂದ ಮೂಗು ಕೊಳಿಯಂಗಿಲ್ಲ, ಮಕ್ಕಳಾಗೂದು ನಿಲ್ಲಂಗಿಲ್ಲ. ನೀ ಸಾಯಂಗಿಲ್ಲ."

ಹೋಗುವುದಿಲ್ಲ ಎಂಬ ಒಂದೇ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಉಳಿದದ್ದನ್ನು ಅವರು ಮತ್ತೆ ಮತ್ತೆ, ಮುಂದಿನ ಎಷ್ಟೋ ಭೇಟಿಗಳಲ್ಲಿ ಹೇಳಬೇಕಾಯಿತು. ಆದರೆ ಅವತ್ತೇ ಒಂದು ಉಪಕಾರ ಮಾಡಿದರು. ಒಂದು ತಂಬಿಗೆ ಉಗುರುಬೆಚ್ಚಗಿನ ನೀರು ತರಿಸಿ, ಬಚ್ಚಲಿಗೆ ಕರೆದೊಯ್ದು, ನೀರು ಮಾಡುವಾಗಲೇ ಅದನ್ನು ಸಣ್ಣಗೆ ಮೇಲೆ ಸುರಿದುಕೊಳ್ಳಲು ಕಲಿಸಿದರು. ಉರಿ ಅರ್ಧಕ್ಕರ್ಧ ಇಳಿಯಿತು. ಹಿಂದಿನ ದಿನದಿಂದ ತಡೆದದ್ದು ಹಗುರಾದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಬಚ್ಚಲಿನಲ್ಲಿ ನನಗೆ ದೇವರು ಕಂಡಂತಾಯಿತು.

ಯಾರಿಂದ ಬಂತು ಎಂದು ನಾನು ಕೇಳಿದೆ. ಅವರು ನೇರವಾಗಿ ಉತ್ತರಿಸಲಿಲ್ಲ. ಮೈಗೆ ಮೈ ತಾಗಿದಲ್ಲಿ ಬರುತ್ತದೆ, ಬಂದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ, ವರ್ಷಗಟ್ಟಲೆ ಸುಮ್ಮನಿರಬಹುದು ಎಂದರು. "ನಿನ್ನ ಗಂಡಗ ಹೇಳು. ಅವನ ಮೈ ಅವನ ನೋಡಿಕೊಳ್ಳಲಿ. ಇದು ನಿಮ್ಮಿಬ್ಬರ ಮಾತು, ನನ್ನ ಬಾಯಿಂದ ಮೂರನೇದವರಿಗೆ ಹೋಗಂಗಿಲ್ಲ."

ಪಡಸಾಲೆಗೆ ಬಂದು ಅತ್ತೆಗೆ ಅಷ್ಟೇ ಶಾಂತವಾಗಿ ಹೇಳಿದರು. "ಬೇವು ತಗೀರಿ. ದೇವಿ ಅಲ್ಲ."

"ಮತ್ತ ಏನದು?"

"ಆಕಿ ಹೇಳಿದ್ರ ಆಕಿ ಹೇಳ್ತಾಳ. ಒಬ್ಬರ ಮೈ ಮಾತು ಇನ್ನೊಬ್ಬರಿಗೆ ಹೇಳೂದು ನನ್ನ ಕೆಲಸ ಅಲ್ರಿ."

ಛತ್ರಿ ಬಿಚ್ಚಿಕೊಂಡು ಹೋದರು. ನನ್ನತ್ತೆ ದಡ್ಡಿಯಲ್ಲ. ಅವಳು ನನ್ನ ನಡಿಗೆ ನೋಡಿದಳು, ನಾನು ಕೂರುವ ರೀತಿ ನೋಡಿದಳು. ಬೇವಿನ ತೋರಣ ಕಿತ್ತು ತಿಪ್ಪೆಗೆ ಎಸೆದು ಬಂದು, ಒಲೆಯ ಮುಂದೆ ಕುಳಿತು ಹೇಳಿದಳು, "ಗರ್ಮಿ ತಂದೀ ನನ್ನ ಮನಿಗೆ." ಬೆಳಿಗ್ಗೆ ಕೈ ಮುಗಿಸಿಕೊಂಡ ನಾನು ಮಧ್ಯಾಹ್ನ ಆ ಮನೆಯ ಹೊಲಸಾದೆ. ನನ್ನ ತಟ್ಟೆ ಬೇರೆಯಾಯಿತು, ನನ್ನ ಚಾಪೆ ಹಿತ್ತಲ ಬಾಗಿಲಿಗೆ ಹೋಯಿತು. ಕೊಡ್ಲಿ ಕಡೆಯ ವೈದ್ಯರೊಬ್ಬರಿಗೆ ಹೇಳಿಕಳಿಸಿದಳು. ಸೋಮವಾರ ಬಂದು ಗುಳಿಗೆ ಕೊಡುತ್ತಾರೆ, ಗುಣವಾದರೆ ಆಯಿತು, ಇಲ್ಲವಾದರೆ ಐನಾಪುರಕ್ಕೆ ಕಳಿಸಿ ಮಗನಿಗೆ ಬೇರೆ ನೋಡುತ್ತೇನೆ ಎಂದಳು. ಹೇಳಿದ್ದನ್ನು ಮಾಡುವ ಹೆಂಗಸು.

ಆ ಗುಳಿಗೆ ಯಾವುದೆಂದು ನನಗೆ ಗೊತ್ತಿತ್ತು. ರಸಕರ್ಪೂರದ್ದು, ಒಳಗೆ ಪಾದರಸ. ಒಣದ್ರಾಕ್ಷಿಯೊಳಗೆ ಇಟ್ಟು ಹಲ್ಲಿಗೆ ತಾಗದಂತೆ ನುಂಗಿಸುತ್ತಾರೆ. ಐನಾಪುರದಲ್ಲಿ ನಮ್ಮ ಮನೆಯ ಹಿಂದಿನವನೊಬ್ಬ ಅದನ್ನು ತಿಂದಿದ್ದ. ಒಸಡು ಊದಿ, ಬಾಯಿಂದ ಜೊಲ್ಲು ಹರಿದು, ಮೂವತ್ತಕ್ಕೇ ಹಲ್ಲು ಉದುರಿ ಕುಳಿತಿದ್ದ. ಜೊಲ್ಲು ಹರಿದಷ್ಟೂ ರೋಗ ಹೊರಗೆ ಹೋಯಿತು ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು.

ಶನಿವಾರ ಬಾಯಿ ಬೋರಿಕ್ ಪುಡಿಯ ಡಬ್ಬಿ ಕೊಡಲು ಬಂದಾಗ ಹಿತ್ತಲಿನಲ್ಲಿ ಎಲ್ಲ ಹೇಳಿದೆ. ಅವರ ಮುಖ ಬಿಗಿಯಿತು. "ಆ ಗುಳಗಿ ನುಂಗಬ್ಯಾಡ. ನಿನಗಿಲ್ಲದ ರೋಗಕ್ಕ ವಿಷ ತಿಂತೀಯೇನು? ಬಾಯಿ ತಗೀಬ್ಯಾಡ." ನೀವೇ ಅತ್ತೆಗೆ ಹೇಳಿ ಎಂದೆ, ಗೋಗರೆದೆ. ಗುಳಿಗೆ ಕೆಟ್ಟದ್ದೆಂದು ಹೇಳಿದರು, ಅತ್ತೆಯ ಮುಂದೆ ನಿಂತು ಹೇಳಿದರು. ಅತ್ತೆ ಕೇಳಿದ್ದು ಒಂದೇ. "ಏನು ಬ್ಯಾನಿ, ಎಲ್ಲಿಂದ ಬಂತು, ಅದನ ಹೇಳ್ರಿ ಮೊದಲ." ಬಾಯಿ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದರು. ಅಂಗಳದಲ್ಲಿ ನನ್ನ ಕಡೆ ತಿರುಗಿ, ಸೋಮವಾರ ನನಗೆ ಆಡಕಿಯಲ್ಲಿ ಕೆಲಸ ಇದೆ, ನಿನ್ನ ಗಂಡ ಇವತ್ತು ಬರುತ್ತಾನೆ, ಮಾತು ಅವನದು ಎಂದು ಹೊರಟೇಹೋದರು. ಆಗ ನನಗೆ ಆ ಪೆಟ್ಟಿಗೆ ಹೊಳೆಗೆ ಎಸೆಯಬೇಕೆನ್ನಿಸಿದ್ದು. ಖರೆ ಬರೆಯುವ ಈಕೆಯ ಹಟ, ಬಾಯಿ ಬಿಡದ ಈಕೆಯ ನೇಮ, ಎರಡರ ನಡುವೆ ಹಲ್ಲು ಉದುರುವುದು ನನ್ನವು.

ನಮ್ಮವರಿಗೆ ಭಾನುವಾರ ಹಿತ್ತಲಿನಲ್ಲಿ ಹೇಳಿದೆ. ನಾನು ತೊಗರಿಬೇಳೆ ಆರಿಸುತ್ತಿದ್ದೆ. ಅವರು ಬಾವಿಯ ಕಟ್ಟೆಯ ಮೇಲೆ ಕುಳಿತಿದ್ದರು. ಎಲ್ಲ ಕೇಳಿ, ನೆಲ ನೋಡುತ್ತ, "ನನಗೂ ಬ್ಯಾಸಿಗ್ಯಾಗ ನಾಕು ಗುಳ್ಳಿ ಏಳ್ತಾವ. ಉಷ್ಣ ಅಂದ್ಕೊಂಡಿದ್ದೆ" ಎಂದರು.

"ಎಂದಿನಿಂದ?"

"ಭಾಳ ವರ್ಷ ಆತು. ಮದವಿ ಮೊದಲ. ಒಮ್ಮಿ ವಾಡ್ಯಾಗ ಗೆಳ್ಯಾರ ಜೋಡಿ ಒಬ್ಬಾಕಿ ಮನಿಗೆ ಹೋಗಿದ್ದೆ. ಒಂದ ಸಲ."

ಮದುವೆಯಾದ ಬೇಸಿಗೆಯಲ್ಲಿ ಅತ್ತೆ ಅವರ ನೆತ್ತಿಗೆ ಹರಳೆಣ್ಣೆ ತಿಕ್ಕಿ, ಸಬ್ಜಾ ಬೀಜ ನೆನೆಸಿ ಕುಡಿಸಿ, ನನ್ನ ಮಗನದು ಉಷ್ಣದ ಮೈ ಎಂದು ಓಣಿಗೆಲ್ಲ ಹೇಳುತ್ತಿದ್ದದ್ದು ನನಗೆ ನೆನಪಾಯಿತು. ಅವರಿಗೆ ಬಂದರೆ ಉಷ್ಣ, ನನಗೆ ಬಂದರೆ ಗರ್ಮಿ. ಕೈಯಲ್ಲಿದ್ದ ಮೊರವನ್ನು ಬೇಳೆ ಸಮೇತ ಅವರ ಮೇಲೆ ಎಸೆದೆ. ಬೇಳೆ ಹಿತ್ತಲ ತುಂಬ ಚೆಲ್ಲಿತು. ಸದ್ದು ಕೇಳಿ ಬಂದ ಅತ್ತೆ ಬೇಳೆ ಚೆಲ್ಲಿದ್ದಕ್ಕೆ ನನ್ನನ್ನೇ ಬೈದಳು. ಅವರು ಅತ್ತೆಯ ಮುಖ ತಪ್ಪಿಸಿ, ಬಗ್ಗಿ ಒಂದೊಂದೇ ಬೇಳೆ ಆರಿಸತೊಡಗಿದರು. ನನ್ನ ಗಂಡ ಕೆಟ್ಟವನಲ್ಲ, ಹೇಡಿ ಎಂದು ನನಗೆ ಅವತ್ತು ತಿಳಿಯಿತು. ಕೆಟ್ಟವನೇ ಆಗಿದ್ದರೆ ಸಿಟ್ಟಾದರೂ ಸಲೀಸಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಅವರ ಚೀಲವೂ ಇಲ್ಲ, ಅವರೂ ಇಲ್ಲ. ಶಹಾಬಾದಿನ ಗಾಡಿಗೆ ಹೋದರು ಎಂದುಕೊಂಡೆ.

ವೈದ್ಯರು ಬಂದರು. ಒಳ್ಳೆಯ ಮನುಷ್ಯ, ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಅತ್ತೆ ನನ್ನನ್ನು ಪಡಸಾಲೆಯ ಚಾಪೆಯ ಮೇಲೆ ಕೂರಿಸಿದಳು. ವೈದ್ಯರು ಕೊರಳ ಇಷ್ಟಲಿಂಗಕ್ಕೆ ಕೈ ಮುಟ್ಟಿಸಿ ನೆನೆದು, ಒಂದು ಒಣದ್ರಾಕ್ಷಿಯನ್ನು ಉಗುರಿನಿಂದ ಸೀಳಿ, ಒಳಗೆ ಬಿಳಿ ಗುಳಿಗೆ ಇಟ್ಟು ಮುಚ್ಚಿದರು. "ಹಲ್ಲಿಗೆ ಹಚ್ಚದಾಂಗ ನುಂಗು, ತಂಗಿ." ನಾನು ತುಟಿ ಬಿಗಿದೆ. ಅತ್ತೆ ನನ್ನ ಗದ್ದ ಹಿಡಿದಳು. ಅವಳ ಬೆರಳಿಗೆ ಬೆಳ್ಳುಳ್ಳಿಯ ವಾಸನೆ ಇತ್ತು. ನನಗೆ ನನ್ನ ಹಲ್ಲುಗಳ ಮೇಲೆ ಅಷ್ಟು ಪ್ರೀತಿ ಅದುವರೆಗೆ ಬಂದಿರಲಿಲ್ಲ. ಬಾಯಿ ತೆರೆಯದಿದ್ದರೆ ಮಧ್ಯಾಹ್ನಕ್ಕೆ ಐನಾಪುರದ ಚಕ್ಕಡಿ ಎಂದು ಅವಳು ಕಿವಿಯಲ್ಲಿ ಹೇಳಿದಳು. ತಂದೆಯಿಲ್ಲದ ಮನೆ ಅದು, ಮದುವೆಗೆ ಕಾದ ಇಬ್ಬರು ತಂಗಿಯರು. ಗರ್ಮಿ ಎಂದು ಹೆಸರಾಗಿ ನಾನು ಹೋಗಿ ಕುಳಿತರೆ ಅವರ ಗತಿಯೂ ಮುಗಿಯಿತು. ನನ್ನ ಹಲ್ಲಿನ ಬಿಗಿ ಸಡಿಲವಾಗತೊಡಗಿತು.

ಆಗ ಬಾಗಿಲಲ್ಲಿ ನಮ್ಮವರು. ಕೈಯಲ್ಲಿ ಚೀಲ. ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಗೆ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕುಳಿತರು. ವೈದ್ಯರ ಮುಂದೆ ಅಂಗೈ ಚಾಚಿದರು.

"ಮೊದಲ ನನಗ ಕೊಡ್ರಿ. ಬ್ಯಾನಿ ನಂದು. ಆಕಿಗೆ ನನ್ನಿಂದ ಬಂದದ."

ವೈದ್ಯರು ನನ್ನತ್ತೆಯ ಮುಖ ನೋಡಿದರು, ಆಮೇಲೆ ತಡವರಿಸುತ್ತ ದ್ರಾಕ್ಷಿಯನ್ನು ಅವರ ಅಂಗೈಯಲ್ಲಿಟ್ಟರು. ನಮ್ಮವರ ಕೈ ಬಾಯಿಯ ಹತ್ತಿರ ಹೋಯಿತು. ಅಷ್ಟರಲ್ಲಿ ಅತ್ತೆ ನನ್ನ ಗದ್ದ ಬಿಟ್ಟು, ಮಗನ ಕೈಗೆ ಹೊಡೆದಳು. ದ್ರಾಕ್ಷಿ ಉರುಳಿ ಹೊಸ್ತಿಲಿನ ತನಕ ಹೋಯಿತು.

"ಹಲ್ಲು ಬೀಳ್ತಾವಲೇ," ಎಂದಳು.

ನಾನು ಅವಳ ಮುಖ ನೋಡಿದೆ. ಅವಳೂ ನನ್ನ ಮುಖ ನೋಡಿದಳು. ಹೆಚ್ಚು ಹೊತ್ತು ನೋಡಲು ಅವಳಿಂದ ಆಗಲಿಲ್ಲ. ವೈದ್ಯರು ಗುಳಿಗೆ ಎತ್ತಿಕೊಂಡು, ಚೀಲ ಕಟ್ಟಿಕೊಂಡು, ಬರುತ್ತೇನೆ ಎಂದೂ ಅನ್ನದೆ ಹೋದರು. ಅತ್ತೆ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ನಾನು ಬಚ್ಚಲಿಗೆ ಹೋದರೆ ಅಲ್ಲಿ ಒಂದು ತಂಬಿಗೆ ಉಗುರುಬೆಚ್ಚಗಿನ ನೀರು ಇಟ್ಟಿತ್ತು. ತಪ್ಪಾಯಿತು ಎಂದು ಅವಳು ಸಾಯುವವರೆಗೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆದರೆ ಮಗನ ಹಲ್ಲಿನ ಬಗ್ಗೆ ಅವಳಾಡಿದ ಆ ಮಾತನ್ನು ನಾನು ಮರೆತಿದ್ದೇನೆ ಎಂದರೆ ಸುಳ್ಳಾದೀತು.

ಮುಂದೆ ಇಬ್ಬರೂ ಕಲಬುರ್ಗಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಉತ್ತರ ಬರುವ ತನಕ ನನಗೆ ಅನ್ನ ಇಳಿಯಲಿಲ್ಲ. ಗರ್ಮಿ ಇಲ್ಲ ಎಂದು ಬಂತು. ಬಾಯಿ ಆ ಕಾಗದವನ್ನು ಓದಿ ಹೇಳಿ, ಮಡಚಿ ನನ್ನ ಕೈಗೆ ಕೊಟ್ಟು, ಸಂತೋಷವನ್ನೇನೂ ತೋರಿಸದೆ, "ಪುಡಿ ಮುಗದದೇನು?" ಎಂದು ಕೇಳಿದರು.

ಅವರಿಂದ ಕಲಿತದ್ದು ತುಂಬ. ಗುಳ್ಳೆ ಒಡೆಯಬಾರದು, ಒಣಗಿಸಿಡಬೇಕು, ಸಡಿಲವಾದ ಹತ್ತಿಯ ಬಟ್ಟೆ ಉಡಬೇಕು. ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬಾರದು, ಮೊದಲು ಸಾಬೂನು. ಏಳುವ ಮುನ್ನ ಒಂದು ದಿನ ಅಲ್ಲಿ ಜುಮುಗುಟ್ಟುತ್ತದೆ. ಆ ಜುಮುಜುಮಿನಿಂದ ಹಿಡಿದು ಚರ್ಮ ಪೂರ್ತಿ ಕೂಡುವ ತನಕ ಗಂಡ ಹೆಂಡತಿ ಬೇರೆ ಮಲಗಬೇಕು. ನಮ್ಮ ಲಿಂಗವಂತರ ಮನೆಗಳಲ್ಲಿ ತಿಂಗಳ ಮೂರು ದಿನ ಹೊರಗೆ ಕೂರುವ ಪದ್ಧತಿಯೂ ಇಲ್ಲ, ಬೇರೆ ಮಲಗಲು ಏನು ನೆವ ಹೇಳುವುದು ಎಂದು ನಾನು ತಕರಾರು ಮಾಡಿದೆ. "ನೆವ ಯಾಕ ಬೇಕು? ಗಂಡಗ ಖರೆ ಹೇಳೀಯಲ್ಲ, ಅವನ ಕೌದಿ ತಗೊಂಡು ಪಡಸಾಲಿಗೆ ಹೋಗಲಿ," ಎಂದರು. ನಮ್ಮವರು ಹಾಗೆಯೇ ಹೋದರು. ಗುಳ್ಳೆ ಕಾಣದಿದ್ದಾಗಲೂ ಅಪರೂಪಕ್ಕೆ ಅಂಟಬಹುದೆಂದು ಡಾಕ್ಟರರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ನನ್ನ ಮೊದಲ ಬಸಿರಿನಲ್ಲಿ ಬಾಯಿ, ಹೆರಿಗೆಯ ಹೊತ್ತಿಗೆ ಗುಳ್ಳೆ ಇದ್ದರೆ ಮುಚ್ಚಿಡದೆ ಹೇಳಬೇಕು, ಕೂಸಿಗೆ ಅದು ಒಳ್ಳೆಯದಲ್ಲವೆಂದು ತಮ್ಮ ಕಲಬುರ್ಗಿಯ ಡಾಕ್ಟರಮ್ಮ ಅನ್ನುತ್ತಿದ್ದರು ಎಂದು ಎಚ್ಚರಿಸಿದರು. ಒಂಬತ್ತನೆಯ ತಿಂಗಳಿಡೀ ನಾನು ಜುಮುಗುಟ್ಟಿತೇ ಎಂದು ಮೈಗೆ ಕಿವಿಗೊಟ್ಟು ಕುಳಿತಿದ್ದೆ. ಗುಳ್ಳೆ ಏಳಲಿಲ್ಲ. ಮಗ ಹುಟ್ಟಿದ. ಮೊದಲ ವರ್ಷ ನಾಲ್ಕು ಸಲ ಬಂದ ಬೇನೆ ಮುಂದೆ ಎರಡಾಗಿ, ಒಂದಾಗಿ, ಆಮೇಲೆ ಬಂದರೂ ಒಂದೆರಡು ದಿನದ ಅತಿಥಿಯಾಯಿತು. ಅತ್ತೆ ಬಾಯಿಗೆಂದು ಗೂಡಿನಲ್ಲಿ ಒಂದು ಲೋಟ ತೆಗೆದಿಟ್ಟಳು. ಅದರಲ್ಲಿ ಚಹಾ ಕುಡಿಯುವಾಗ ಇಬ್ಬರೂ ಜೋಳದ ಬೆಳೆಯ ಮಾತನ್ನೇ ಆಡುತ್ತಿದ್ದರು.

ಒಮ್ಮೆ ಮಾತ್ರ ನಾನು ಅವರನ್ನು ಕೆಣಕಿದ್ದೆ. ಅವತ್ತು ನೀವು ಆಡಕಿಗೆ ಹೋಗಿಬಿಟ್ಟಿರಿ, ನಮ್ಮವರು ಹಿಂದಿರುಗದೆ ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ಕೇಳಿದ್ದೆ. ಛತ್ರಿಯ ಕಡ್ಡಿ ಸರಿಮಾಡುತ್ತ, "ಬಂದನಲ್ಲ, ಛಲೋ ಗಂಡ ಇದ್ದಾನ ನಿನಗ" ಎಂದಿದ್ದರು. ಆ ಮಾತು ನನಗೆ ಹಿತವಾಗಿತ್ತು. ಎಷ್ಟೋ ಜಗಳಗಳಲ್ಲಿ, ಇನ್ನು ಸಾಕು ಎನ್ನಿಸಿದಾಗಲೆಲ್ಲ, ಚಪ್ಪಲಿ ಬಿಡದೆ ಬಂದು ಚಾಪೆಯ ಮೇಲೆ ಕುಳಿತ ಆ ಮನುಷ್ಯನನ್ನು ನೆನೆದು ನಾನು ಸೋತಿದ್ದೇನೆ. ಹೇಡಿ ಎಂದು ತಿಳಿದದ್ದು ನನ್ನ ತಪ್ಪು ಎಂದುಕೊಂಡು ನಲವತ್ತು ವರ್ಷ ಬಿಸಿ ರೊಟ್ಟಿ ಬಡಿಸಿದ್ದೇನೆ.

ಮೊನ್ನೆ, ರೊಟ್ಟಿ ಕರಕಲಾದ ಆ ಹೊತ್ತು, ನಮ್ಮವರು ಒಲೆಯ ಪಕ್ಕದಲ್ಲೇ ಕುಳಿತರು. ಕರಕಲು ರೊಟ್ಟಿಯನ್ನು ತಾವೇ ತೆಗೆದಿಟ್ಟು ಹೇಳಿದರು.

"ಅವತ್ತ ನಾ ಹೊಂಟ ಹೋಗಿದ್ದೆ. ಗಾಡಿ ಹಿಡೀಲಿಕ್ಕ. ಓಣಿ ಮೂಲಿಗೆ ಬಾಯಿ ಪೆಟಿಗಿ ಮ್ಯಾಲ ಕುಂತಿದ್ರು, ಛತ್ರಿ ಹಿಡಕೊಂಡು. ಆಡಕಿಗೆ ಹೋಗಿಲ್ಲೇನ್ರಿ ಅಂದೆ. 'ನೀ ಹೋದ್ರ ಗುಳಗಿ ತಡೀಲಿಕ್ಕ ನಾ ಒಳಗ ಹೋಗಬೇಕಲ್ಲ, ಅದಕ್ಕ ಕುಂತೀನಿ' ಅಂದ್ರು. ಮತ್ತೇನೂ ಅನ್ನಲಿಲ್ಲ. ನಾ ಸ್ಟೇಷನ್ ತನಕ ಹೋದೆ. ಕಾಲು ಮುಂದ ಹೋಗಲಿಲ್ಲ. ತಿರುಗಿ ಬಂದಾಗೂ ಅಲ್ಲೇ ಇದ್ರು."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ರು. 'ನೀನ ಬಂದಿ ಅಂತ ಇರಲಿ. ಆಕಿ ಬಾಳೇ ಮಾಡೂದು ನಿನ್ನ ಜೋಡಿ, ನನ್ನ ಜೋಡಿ ಅಲ್ಲ' ಅಂದ್ರು."

ನನಗೆ ಸಿಟ್ಟು ಬಂತು, ಇಬ್ಬರ ಮೇಲೂ. ಆಮೇಲೆ ಅಳು ಬಂತು. ಅದು ಯಾರಿಗಾಗಿ ಎಂದು ಬಿಡಿಸಿ ಹೇಳಲಾರೆ. ನಮ್ಮವರು ತಲೆ ತಗ್ಗಿಸಿ ಕುಳಿತಿದ್ದರು. ನಾನು ಒಲೆ ನಂದಿಸಿ, ಕೈ ತೊಳೆದುಕೊಂಡು, ಚಿತ್ತಾಪುರಕ್ಕೆ ಮುಂದಿನ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದೆ.